ಖುರ್ಷಿದಾಬಿಯ ತೊಟ್ಟಿ

ಚರಕ ಮಾರಿ ಮೂರು ವರ್ಷ.
ಗೂಡು ಬೇಯುತ್ತಿದ್ದ ತೊಟ್ಟಿಯನ್ನು ಹಿತ್ತಲಿಗೆಳೆದು
ಒಂದು ನೈದಿಲೆ ಗೆಡ್ಡೆ ಬಿಟ್ಟು
ಕೊಳ ಅಂದಳು ಖುರ್ಷಿದಾಬಿ.
ಶಿಡ್ಲಘಟ್ಟದ ನಮ್ಮ ಗಲ್ಲಿಗೆ ಅದೊಂದೇ ಕೊಳ.

ಮೊದಲ ಮಳೆಗೆ ಬಂದವು ಎರಡು,
ಎರಡೂ ಕಂದು, ಎರಡಕ್ಕೂ ಲೆಕ್ಕದ ಮೇಷ್ಟರ ಕಣ್ಣು.
ಕಪ್ಪೆ ಯಾವುದು, ನೆಲಗಪ್ಪೆ ಯಾವುದು?
ಪುಸ್ತಕ ತಂದು ಓದಿದೆ:
ಒಂದರ ಚರ್ಮ ಒದ್ದೆ, ಒಂದರದು ಒಣಕಲು;
ಒಂದು ಚಿಮ್ಮುತ್ತದೆ, ಒಂದು ಕುಪ್ಪಳಿಸುತ್ತದೆ.
ಮಳೆಯಲ್ಲಿ ಎಲ್ಲರ ಚರ್ಮವೂ ಒದ್ದೆ.
ನೆಗೆಯಿರಿ ಅಂದರೆ
ಎರಡೂ ಕೂತೇ ಇದ್ದವು.

ಬೆಳಿಗ್ಗೆ ಅವಳೇ ಕೂಗಿದಳು.
ಮೂಲೆಯಲ್ಲಿ ಸಬ್ಬಕ್ಕಿ ಗಂಜಿಯಂಥ ಮುದ್ದೆ:
'ಇದು ಕಪ್ಪೇದು.'
ನೈದಿಲೆ ದಂಟಿಗೆ ಸುತ್ತಿ ಸುತ್ತಿ
ಕರಿಮಣಿ ಪೋಣಿಸಿದ ಜೋಡಿ ಎಳೆ.
ಬೆರಳಿಗೆ ತಗುಲಿಸಿ ಎತ್ತಿದಳು, ತುಂಡಾಗದಂತೆ.
'ಇದು ನೆಲಗಪ್ಪೇದು.
ನೋಡು, ಎಲ್ಲೂ ಗಂಟಿಲ್ಲ.'

ಮುಟ್ಟಬೇಡ ಬೂಬಮ್ಮ, ನರಹುಲಿ ಏಳುತ್ತೆ, ಅಂದೆ.
ನಲವತ್ತು ವರ್ಷ ಬಿಸಿನೀರಲ್ಲಿ ಬೆಂದು
ಸುಲಿದು, ಬೊಬ್ಬೆಗಟ್ಟಿ, ಮತ್ತೆ ಸುಲಿದ ಕೈಯನ್ನು
ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು.
'ಜಾಗ ಎಲ್ಲಿದೆ?'

ಬೆರಳು ಮಾತ್ರ ಹಳೇ ರೂಢಿಗೆ
ಎಳೆಯ ತುದಿ ಹುಡುಕುತ್ತಿತ್ತು.
ಸಿಕ್ಕಿತು. ಹಿಡಿದಳು.
'ಇದನ್ನ ಬಿಚ್ಚೋದು ಬೇಡ' ಅಂದು
ನೀರಿಗೆ ಬಿಟ್ಟಳು,
'ತಾನೇ ಬಿಚ್ಕೊಂಡು ಈಜುತ್ತೆ.'