ಹಾಸು, ಹೊಕ್ಕು

ಸೊಹಾರ್ ಬಂದರಿಗೆ ನಸುಕಿನಲ್ಲಿ
ಬರ್ಬೆರಾದ ಹಡಗು ತಾಗಿತು. ಮುನ್ನೂರ ಹನ್ನೆರಡು ಕುರಿ.
ಮೈಯೆಲ್ಲ ಸುಣ್ಣ, ತಲೆ ಮಾತ್ರ ಇದ್ದಿಲು,
ಯಾರೋ ಕಾಲು ಹಿಡಿದು ಮಸಿಕುಡಿಕೆಯಲ್ಲಿ ಅದ್ದಿ ತೆಗೆದ ಹಾಗೆ.
ಎಣಿಸುವ ಕೆಲಸ ನನ್ನದು.
ಗೇಟಿನ ಸಂದಿಯಲ್ಲಿ ನಿಂತು, ಐದಕ್ಕೊಂದು ಅಡ್ಡಗೀಟು.
ಬೆಟಗೇರಿಯ ನಮ್ಮ ಓಣಿಯಲ್ಲಿ ಎಣಿಸಿದ್ದು ನೂಲಿನ ಲಡಿ;
ಉಸಿರಾಡುವುದನ್ನು ಎಣಿಸಲು ಕಲಿಸಿದ್ದು ಈ ಉಪ್ಪುಗಾಳಿ.

ಮೂರನೆಯ ದಿನ ಡಾಕ್ಟರ್ ಇದ್ರೀಸ್, ಸುಡಾನಿನವರು,
ಒಂದರ ತುಟಿ ಮಗುಚಿ ನೋಡಿದರು. ಇನ್ನೊಂದರದು.
ಕೈಗವಸು ಕಳಚಿ, ಎಲ್ಲ, ಎಂದರು.
ಹುಷಾರಿದ್ದದ್ದು?
ಎಲ್ಲ.
ಮರಿ?
ಅದಕ್ಕೆ ಉತ್ತರ ಬರಲಿಲ್ಲ. ಕಾಗದಕ್ಕೆ ಮೊಹರು ಬಿತ್ತು.

ಆ ರಾತ್ರಿ ಹಿಂಗಾಲು ಎಳೆಯುತ್ತಿದ್ದ ಒಂದನ್ನು
ಅಂಗಿಯೊಳಗೆ ಹಾಕಿಕೊಂಡು ನೀರಿನ ಟ್ಯಾಂಕಿನ ಹಿಂದಕ್ಕೆ ಒಯ್ದೆ.
ಬೇಲಿಯಾಚೆ ದಾದ್ ಕರೀಮ್, ಬಲೂಚಿ ಮುದುಕ,
ಯಾರದು ಎಂದು ಕೇಳಲಿಲ್ಲ, ಯಾಕೆ ಎಂದು ಕೇಳಲಿಲ್ಲ.
ತನ್ನ ಹನ್ನೊಂದು ಆಡಿನಲ್ಲಿ ಸಾಧುವಾದದ್ದನ್ನು ಎಳೆದು
ಮೊಲೆಗೆ ಮರಿ ಹಚ್ಚಿದ.
ಮರುದಿನ ಉಳಿದವನ್ನು ಸುಣ್ಣದ ಗುಂಡಿಗೆ ಇಳಿಸಿದರು.
ನಾನು ಪಟ್ಟಿಯ ಕೊನೆಯ ಗೀಟು ಸುಳ್ಳು ಎಳೆದೆ.

ಶುಕ್ರವಾರವೇ ಇಲ್ಲಿ ನಮಗೆ ಭಾನುವಾರ.
ಟೈರ್ ಅಂಗಡಿಯ ಮೇಲಿನ ಬಾಡಿಗೆ ಹಾಲ್;
ವಾರವೆಲ್ಲ ಕ್ರೇನ್ ಓಡಿಸುವ ಸುಮಂತ ಅಯ್ಯನವರು
ಕತ್ತೆ ಹುಡುಕಲು ಹೋಗಿ ಕಿರೀಟ ಹೊತ್ತು ಬಂದವನ ಕಥೆ ಹೇಳಿದರು.
ಜನರಿಗಿಂತ ಒಂದು ಹೆಗಲು ಎತ್ತರದವನು,
ಎಲ್ಲ ಅಂದರೆ ಎಲ್ಲ ಎಂದು ಕೇಳಿಸಿಕೊಂಡೂ
ಕೊಬ್ಬಿದ ಹಿಂಡು ಉಳಿಸಿಕೊಂಡವನು,
ದೇವರಿಗೆಂದೇ ಉಳಿಸಿದೆ, ಎಂದವನು.
ಆಗ ಮುದಿ ಪ್ರವಾದಿ ಬಂದು
ಹಾಗಾದರೆ ಈ ಬ್ಯಾ ಅನ್ನುವುದು ಯಾವುದಪ್ಪ ಎಂದನಂತೆ.
ಹಿಂದಿನ ಬೆಂಚಿನವರು ನಕ್ಕರು.
ನಾನು ಬೂಟಿನ ದಾರ ಬಿಚ್ಚಿ ಕಟ್ಟಿದೆ.

ನನ್ನದು ಕೊಬ್ಬಿದ್ದಲ್ಲ ಸ್ವಾಮೀ, ಕುಂಟ ಮರಿ,
ಎಂದುಕೊಳ್ಳುವಾಗಲೇ ಹೊಳೆಯಿತು:
ಅವನೂ ಹೀಗೇ, ಇದೇ ಸಣ್ಣ ದನಿಯಲ್ಲಿ
ಏನೋ ಒಂದು ಅಂದಿರಬೇಕು.

ಅದೇ ಅಧ್ಯಾಯದಲ್ಲಿ ಒಂದು ಕಡೆ,
ಅವನನ್ನು ಅರಸು ಮಾಡಿದ್ದಕ್ಕೆ ದೇವರು ಮರುಗಿದ.
ಒಂದು ಕಡೆ, ಮರುಗಲು ಆತನೇನು ಮನುಷ್ಯನೇ.
ಅಜ್ಜಿ ಶಾಂತವ್ವ ಎರಡರ ಕೆಳಗೂ
ಪೆನ್ಸಿಲ್ಲಿನ ಗೀಟು ಎಳೆದಿಟ್ಟಿದ್ದಳು.
ಯಾವುದು ಖರೆ ಎಂದರೆ, ಲಾಳಿ ತಳ್ಳುತ್ತಲೇ,
"ಹಾಸು ಒಂದು ಕಡೀಗೆ ಹೋಗತೈತಿ,
ಹೊಕ್ಕು ಅಡ್ಡ ಬರತೈತಿ.
ಎರಡೂ ಒಂದಾ ಕಡೀಗೆ ಹೋದರ ಅರಿವಿ ಹೆಂಗ ಆದೀತೋ, ಮಗನ?"

ಎಂಟನೆಯ ದಿನ ದಾದ್ ಕರೀಮನ ಆಡುಗಳ ತುಟಿ ಒಡೆದಿತ್ತು.
ಡಾಕ್ಟರ್ ಬಂದರು, ನೋಡಿದರು, ಕೈಗವಸು ಕಳಚಿದರು.
ಆ ಮೌನದೊಳಗೇ ಟ್ಯಾಂಕಿನ ಹಿಂದಿನಿಂದ
ಎಳೆಯ ಗಂಟಲೊಂದು ಕೂಗಿತು.
ನಮ್ಮ ಪುಸ್ತಕ ಓದದ ಮನುಷ್ಯ ತಿರುಗಿ ಕೇಳಿದರು:
ಅದೇನು ಸದ್ದು?

ತೋಳು ಹಿಡಿದೆ. ಅವರು ನಿಲ್ಲಲಿಲ್ಲ.
ನೀಲಿ ಪ್ಲಾಸ್ಟಿಕ್ ನಿಲುವಂಗಿ ಹೆಗಲಿನಿಂದ
ಸದ್ದಿಲ್ಲದೆ ಹರಿದು ನನ್ನ ಕೈಗೆ ಬಂತು.
ಬರೆದುಕೋ, ಎಂದರು ಬೆನ್ನು ತೋರಿಸಿಕೊಂಡೇ.
ಹನ್ನೊಂದು. ಮತ್ತೆ ಒಂದು.

ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ.
ಹಾಸು ಕಾಣಲಿಲ್ಲ. ಹೊಕ್ಕೂ.
ಮುದುಕ ಬೇಲಿಯ ಗೂಟಗಳಿಂದ ಹಗ್ಗ ಬಿಚ್ಚಿ
ಮೊಣಕೈಗೆ ಸುತ್ತುತ್ತಿದ್ದ, ಒಂದಾದ ಮೇಲೆ ಒಂದು.
ಬೈಯುತ್ತಾನೆ ಎಂದು ಕಾದೆ.
ಕೊನೆಯ ಹಗ್ಗ ಸುತ್ತಿ ಮುಗಿಸಿ,
ನಿನ್ನೆ ರಾತ್ರಿ ಹೊಟ್ಟೆ ತುಂಬ ಕುಡಿಯಿತಾ ಅದು,
ಎಂದು ಕೇಳಿದ.