ಬೇಲಿ ಮೇಯ್ದದ್ದು

ಹ್ಯೂಸ್ಟನ್ನಿನ ಪಶ್ಚಿಮಕ್ಕೆ, ಹೆದ್ದಾರಿ ಇಳಿದು
ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೂ ಎಡಕ್ಕೆ ತಿರುಗಿದರೆ
ಶಂಖದ ಹುಳು ಸುತ್ತಿಕೊಂಡಂತೆ ಒಂದು ಬಡಾವಣೆ.
ಅದರ ಒಳತುದಿಗೆ ಒಫೀಲಿಯಾ ಬ್ಯಾರಿಯೆಂಟೋಸ್ ಮನೆ.
ನಾನು ಹೋದದ್ದು ಬೇಲಿ ರಿಪೇರಿಗೆ.

ಬಿರುಗಾಳಿ ಬಂದು ಹಲಗೆಗಳು ಬಿದ್ದು
ಏಳು ವಾರವಾಗಿತ್ತಂತೆ.
ವಿಮೆಯವರು ಸಂಘಕ್ಕೆ ಬರೆದು, ಸಂಘದವರು ವಿಮೆಗೆ ಬರೆದು
ಅಷ್ಟರಲ್ಲಿ ಹುಲ್ಲಿನ ಮೇಲೆ
ಯಾರೂ ಬರೆಯದ ಒಂದು ಗೆರೆ ಮೂಡಿಬಿಟ್ಟಿತ್ತು:
ಆಕೆಯ ಹಿತ್ತಿಲ ಮಗ್ಗುಲಿಂದ ಹೊರಟು
ಕಂಡಿಯಲ್ಲಿ ನುಸುಳಿ, ಚರಂಡಿಯ ದಿಬ್ಬ ಹತ್ತಿಳಿದು
ನೇರ ಅಂಗಡಿಯ ಬಾಗಿಲಿಗೆ.
ಒಂದಾಳಗಲ. ಬರಿಮಣ್ಣು.
ಸವೆದು ಹೊಳಪು ಬೇರೆ.

ಟೇಪು ಚೀಲದಲ್ಲಿತ್ತು. ಆದರೂ ಕಾಲಲ್ಲೇ ಅಳೆದೆ:
ಇನ್ನೂರ ಹತ್ತು ಹೆಜ್ಜೆ.
ಬೇಲಿ ನಿಂತಿದ್ದಾಗ?
"ಎರಡೂವರೆ ಮೈಲಿ. ಕಾರು ತೆಗೆಯಬೇಕು.
ಫುಟ್‌ಪಾತ್ ಇದೆ, ಇಲ್ಲವೆನ್ನಲಾರೆ,
ಆ ಓಕ್ ಮರದವರೆಗೆ. ಆಮೇಲೆ
ಕಟ್ಟಿದವನಿಗೇ ಬೇಸರ ಬಂದಂತೆ ನಿಂತುಬಿಡುತ್ತದೆ."

ದಿನಕ್ಕೆ ಅರ್ಧ ಗಂಟೆ ನಡಿಗೆ:
ಡಾಕ್ಟರು ಬರೆದ ಚೀಟಿ ಫ್ರಿಜ್ಜಿನ ಮೇಲೆ
ಆಯಸ್ಕಾಂತದ ಸೀಗಡಿಯೊಂದರ ಕೆಳಗೆ.
"ಎಲ್ಲಿಗೆ ಅಂತ ಬರೆದಿರಲಿಲ್ಲ.
ಸುಮ್ಮನೆ ಸುತ್ತಿದೆ ಒಂದು ವಾರ.
ಗ್ಯಾರೇಜು, ಗ್ಯಾರೇಜು, ಗ್ಯಾರೇಜು, ನೆತ್ತಿಯ ಮೇಲೆ ಸೂರ್ಯ.
ಯಾರೋ ಪಕ್ಕಕ್ಕೆ ನಿಲ್ಲಿಸಿ ಕೇಳಿದರು
ಕಾರು ಕೆಟ್ಟಿದೆಯಾ, ಅಂತ."

ಈಗ ನಿಂಬೆಹಣ್ಣು ಒಂದೇ ತರುತ್ತಾಳೆ.
ನಾಳೆಗೆ ಮತ್ತೊಂದು.
ಎದುರುಮನೆಯ ಒಬಿಯೋರಾ, ಹನ್ನೊಂದು ವರ್ಷದ ನೆರೆಯವ,
ಕಾರಿನ ಗಾಜಿನಲ್ಲಿ ಎದೆಯವರೆಗೆ ಮಾತ್ರ ಇದ್ದವ,
ಆ ಕಂಡಿಯಲ್ಲಿ ಎದುರಾದಾಗ
ಎಡಗಾಲು ತುಸು ಎಳೆಯುತ್ತಾನೆಂದು ತಿಳಿಯಿತಂತೆ.

ಬೇಲಿಯೇ ಎದ್ದು ಹೊಲ ಮೇಯ್ದರೆ, ಎನ್ನುವ ಮಾತಿದೆ.
ನಾನು ಇಪ್ಪತ್ತಾರು ವರ್ಷ ನಿಲ್ಲಿಸಿದ ಬೇಲಿಗಳು
ಎದ್ದಿಲ್ಲ, ಹೊಲದ ತಂಟೆಗೂ ಹೋಗಿಲ್ಲ.
ನಿಂತಲ್ಲೇ ನಿಂತು, ಸದ್ದಿಲ್ಲದೆ
ಮೀನಖಂಡ ಮೇಯ್ದವು, ಮೊಣಕಾಲು ಮೇಯ್ದವು,
ಮೆಲುಕು ಹಾಕಿದವು.
ನನ್ನವೂ ಸೇರಿ. ಗಾಡಿಯಿಂದ ಇಲ್ಲಿಗೆ
ಹಲಗೆ ಹೊತ್ತು ಬರುವಷ್ಟರಲ್ಲಿ ಎರಡು ಸಲ ನಿಂತಿದ್ದೆ.

ಹೊಟ್ಟೆಪಾಡು. ಹೊಡೆದೆ.
ಆರಡಿ ಸೀಡರ್, ಹನ್ನೆರಡು ಹಲಗೆ, ಪ್ರತಿಯೊಂದಕ್ಕೆ ಆರು ಮೊಳೆ.
ಆಕೆ ನಿಂಬೆ ಪಾನಕ ತಂದು ಮೆಟ್ಟಿಲಿಗೆ ಇಟ್ಟು
ಮಾತಾಡದೆ ಕುಳಿತಳು. ಹಣ್ಣು ಇವತ್ತಿನದೇ ಇರಬೇಕು.

ಕೊನೆಯ ಮೊಳೆಯ ಹೊತ್ತಿಗೆ
ಆಚೆಯಿಂದ ಹೆಜ್ಜೆ ಸದ್ದು: ಒಂದು ಗಟ್ಟಿ, ಒಂದು ಎಳೆತ.
ಬಂದು ನಿಂತಿತು.
ಹಲಗೆಯ ಸಂದಿಯಲ್ಲಿ ಒಂದು ಬಿಳಿ ಬೂಟು.
"ಒಫೀಲಿಯಾ?"
ಆಕೆ ಎದ್ದು ಬಂದು ತುದಿಗಾಲಲ್ಲಿ ಕೈ ಚಾಚಿದಳು.
ಹಾಲಿನ ಡಬ್ಬ ಬೇಲಿಯ ಮೇಲಿಂದ ಬಂತು.
ಅವನು ಬರಲಿಲ್ಲ.
ಒಂದು ಗಟ್ಟಿ, ಒಂದು ಎಳೆತ,
ಹೆದ್ದಾರಿಯ ಕಡೆಗೆ
ಬಹಳ ಹೊತ್ತು ಕೇಳಿಸುತ್ತಿತ್ತು.

ಹುಲ್ಲಿನ ಗೆರೆ ಮಾತ್ರ ಹಲಗೆಯವರೆಗೂ ಬಂದು
ಮೂಗು ತಾಗಿಸಿ ನಿಂತಿದೆ.

ಸಾಮಾನು ಕಟ್ಟುವಾಗ ಕೇಳಿದಳು:
"ಇಲ್ಲೊಂದು ಬಾಗಿಲು ಇಡಲು ಎಷ್ಟಾಗುತ್ತದೆ?"
ಎರಡು ತಿರುಗುಣಿ, ಒಂದು ಚಿಲಕ,
ಅರ್ಧ ದಿನದ ಕೂಲಿ, ಅಂದೆ.
ಸಂಘದ ಪತ್ರದ ಬೆನ್ನ ಮೇಲೆ
ಬರೆದುಕೊಂಡಳು.