ಐದನೇ ತಟ್ಟೆಯೂ ಖಾಲಿ

ಶನಿವಾರ ಶಿಡ್ಲಘಟ್ಟದಲ್ಲಿ ಬಸ್ಸಿಳಿದರೆ
ಮೊದಲು ಎದುರಾಗುವುದು ವಾಸನೆ:
ಬೆಂದ ಹುಳುವಿನದು, ಸೌದೆ ಹೊಗೆಯದು,
ನನ್ನ ಹಳೆಯ ಯೂನಿಫಾರ್ಮಿನದು.
ಸ್ಕೂಲಲ್ಲಿ ಯಾರೂ ಪಕ್ಕ ಕೂರುತ್ತಿರಲಿಲ್ಲ.
ಇರಲಿ.

ಹಿತ್ತಿಲಲ್ಲಿ ಅಮ್ಮಿ ಮಡಿಲಿಗೆ ಗೋಣಿ ಹಾಸಿ
ಕೋಳಿ ಹಿಡಿದು ಕೂತಿದ್ದಾಳೆ.
ಜುಟ್ಟಿನ ತುಂಬ ಕರಿ ಹಕ್ಕಳೆ, ಒಂದು ಕಣ್ಣು ಮುಚ್ಚಿದೆ.
ಬೇವಿನೆಣ್ಣೆಗೆ ಅರಿಸಿನ ಕಲಸಿ ಹಚ್ಚುತ್ತ
‘ಕೋಳಿ ಸಿಡುಬು, ಮುಟ್ಟಬೇಡ’ ಅಂತಾಳೆ
ಆರು ದಿನ ಅದರ ಜೊತೆಗೇ ಇದ್ದು ಬಂದವಳಿಗೆ.

ಹೇಳಿಬಿಟ್ಟೆ.
ಅಮ್ಮಿ, ಇದನ್ನೇ ನಾವು ಲ್ಯಾಬಿನಲ್ಲಿ ಸಾಕುತ್ತೇವೆ,
ಸಾಧು ಮಾಡಿ, ಇದರ ಬೆನ್ನಿಗೆ
ಬೇರೊಂದು ರೋಗದ ಒಂದೇ ಒಂದು ಚೂರು ಗುರುತು ಹೇರಿ…
ವೆಕ್ಟರ್ ಅನ್ನುವುದಕ್ಕೆ ನಮ್ಮನೆಯ ದಖನಿಯಲ್ಲಿ ಮಾತಿಲ್ಲ,
ಗೂಡಿನ ಮಾರ್ಕೆಟ್ಟಿನ ತೆಲುಗಿನಲ್ಲೂ ಸಿಗಲಿಲ್ಲ.
‘ಗಾಡಿ’ ಅಂದೆ.
‘ಗಾಡಿ ಬಂದರೆ ಡ್ರೈವರ್ ಬರಲ್ವಾ?
ಬಂದವನು ಇಲ್ಲೇ ಝಂಡಾ ಊರಿದರೆ?’

ನಾಲ್ಕನೇ ಕ್ಲಾಸು ದಾಟದ ಅಮ್ಮಿ
ನಮ್ಮ ಮೇಡಂ ಕೇಳಿದ್ದನ್ನೇ ಕೇಳಿದಳು.

ಅದಕ್ಕೇ ಅಲ್ಲವೇ ಇಷ್ಟು ದಿನ ನೋಡಿದ್ದು.
ಕೋಳಿಮರಿಯ ಕೋಶ ಹಾಸಿದ ತಟ್ಟೆಯಲ್ಲಿ
ಐದಾರು ದಿನಕ್ಕೆ ಸೂಜಿ ಚುಚ್ಚಿದಂಥ ತೂತು,
ತೂತಿನ ಪಕ್ಕ ತೂತು. ಸಂಸಾರ ಬೆಳೆದಿದೆ.
ಹ್ಯಾಮ್‌ಸ್ಟರ್ ಕೋಶದಲ್ಲಿ ಬೇರೆಯೇ ಕತೆ.
ಒಳಗೆ ಹೋಗುತ್ತದೆ, ಯಾರೂ ತಡೆಯುವುದಿಲ್ಲ.
ಕೋಟು ಬಿಚ್ಚುತ್ತದೆ. ತಂದ ಚೀಟಿ ಓದಿಸುತ್ತದೆ.
ಚೀಟಿಯಲ್ಲಿದ್ದಂತೆ ಸರಕು ತಯಾರಾಗಿ
ಹೊಸ್ತಿಲ ಮೇಲೆ ಕೂರುತ್ತದೆ
ಕಾವಲಿನವರು ಮುಖ ನೆನಪಿಟ್ಟುಕೊಳ್ಳಲಿ ಅಂತ.
(ತಟ್ಟೆಯಲ್ಲಿ ಕಾವಲಿನವರಿಲ್ಲ,
ಅದು ಮೈಯೊಳಗಿನ ಮಾತು, ಇನ್ನೂ ದೂರ.)
ಆಮೇಲೆ ನಿಂತುಬಿಡುತ್ತದೆ.
ಮರಿ ಮಾಡುವ ಹೊತ್ತಿಗೆ
ಈ ಮನೆಯ ಭಾಷೆ ಅದಕ್ಕೆ ಬರುವುದಿಲ್ಲ.

ಆ ದ್ರವ ಬಸಿದು ಹೊಸ ತಟ್ಟೆಗೆ ಹಾಕಿದೆ. ಖಾಲಿ.
ಅಲ್ಲಿಂದ ಇನ್ನೊಂದಕ್ಕೆ. ಖಾಲಿ.
ಕೊನೆಗೆ ಕೋಳಿಯ ಕೋಶಕ್ಕೇ ಮರಳಿ ಕೊಟ್ಟು ನೋಡಿದೆ,
ತವರಲ್ಲಾದರೂ ಎದ್ದು ಕೂತೀತೇ ಅಂತ.
ರಾತ್ರಿ ಹನ್ನೊಂದಕ್ಕೆ, ಕಣ್ಣು ಉರಿಯುತ್ತಿದ್ದಾಗ,
ಐದನೇ ತಟ್ಟೆಯೂ ಖಾಲಿ.
ಏನೂ ಕಾಣದ್ದಕ್ಕೆ ಅಷ್ಟು ಖುಷಿಪಟ್ಟವಳು
ನಮ್ಮ ಮನೆತನದಲ್ಲಿ ನಾನೊಬ್ಬಳೇ ಇರಬೇಕು.

ಅಮ್ಮಿ ಕೋಳಿಯನ್ನು ಕೆಳಗೆ ಬಿಟ್ಟಳು,
ಕೈ ತೊಳೆದು ಬೇಸಿನ್ನಿನ ಮುಂದೆ ಕೂತಳು.
ಬಿಸಿನೀರಲ್ಲಿ ಗೂಡುಗಳು ಹೊರಳುತ್ತಿವೆ.
ಬೆಂದು ಬೆಂದು ಬೆಳ್ಳಗಾದ ಬೆರಳು
ಒಂದು ಎಳೆಯ ತುದಿ ಹಿಡಿದು ಎತ್ತುತ್ತದೆ.
‘ಹಾಗಾದರೆ ನಿಂದೂ ಇದೇ ಕೆಲಸ,
ಪತಂಗ ಹೊರಗೆ ಬರಬಾರದು,
ನೂಲು ಬರಬೇಕು.’

ಆರು ತಿಂಗಳು ತಿದ್ದಿದ ನನ್ನ ಪೋಸ್ಟರಿನಲ್ಲಿ
ಈ ಸಾಲು ಇರಲಿಲ್ಲ.

‘ಆದರೆ ನಾವು ಬೇಯಿಸುವುದಿಲ್ಲ, ಅಮ್ಮಿ.
ತಾನಾಗೇ ನಿಲ್ಲುತ್ತೆ.’
‘ಪಕ್ಕಾ?’
‘ಐದು ತಟ್ಟೆಯ ಮಟ್ಟಿಗೆ ಪಕ್ಕಾ.’
‘ಆರನೆಯದು?’
‘ಸೋಮವಾರ.’

ಚಕ್ರ ತಿರುಗಿತು. ನೂಲು ಮುಗಿದ ಗೂಡಿನಿಂದ
ಕಂದು ಹುಳುವೊಂದನ್ನು ತೆಗೆದು
ಅಮ್ಮಿ ಹಿತ್ತಿಲಿಗೆ ಎಸೆದಳು.
ಒಂಟಿಗಣ್ಣಿನ ಕೋಳಿ ಎರಡು ಸಲ ಗುರಿತಪ್ಪಿ
ಮೂರನೆಯ ಸಲಕ್ಕೆ ಕುಕ್ಕಿ ನುಂಗಿತು.